ಮೀಟರ್ ಲೆಕ್ಕದಲ್ಲಿ ಮಾರಿದ ಮಾಯೆ: ಸ್ಟಾರ್ ಫಿಲ್ಮ್ ಕಂಪನಿ ಮುಳುಗಿದ ಪ್ರಕರಣ

ಫ್ರಾನ್ಸಿನ ಚಿತ್ರನಿರ್ಮಾಪಕ ಜಾರ್ಜ್ ಮೆಲಿಯೆಸ್ ಅವರ ಸ್ಟಾರ್ ಫಿಲ್ಮ್ ಕಂಪನಿಯ ಕ್ಯಾಟಲಾಗ್ ತೆರೆದರೆ 1902ರ 'ಚಂದ್ರಯಾತ್ರೆ'ಯ ಮುಂದೆ ಹದಿಮೂರು ನಂಬರುಗಳು ಕಾಣುತ್ತವೆ, 399ರಿಂದ 411ರವರೆಗೆ. ಅದು ಹದಿಮೂರು ಚಿತ್ರಗಳಲ್ಲ, ಒಂದೇ ಚಿತ್ರ. ಕಂಪನಿ ತನ್ನ ಸರಕನ್ನು ಇಪ್ಪತ್ತು ಮೀಟರಿನ ತುಂಡಿಗೆ ಒಂದು ನಂಬರಿನಂತೆ ಎಣಿಸುತ್ತಿತ್ತು. ಇಪ್ಪತ್ತರಂತೆ ಹದಿಮೂರು, ಒಟ್ಟು 260 ಮೀಟರ್. ಮೆಲಿಯೆಸ್ ಮಾಡಿದ್ದು ಸುಮಾರು 520 ಚಿತ್ರಗಳಾದರೂ ಕ್ಯಾಟಲಾಗಿನ ನಂಬರುಗಳು ಸಾವಿರದೈನೂರನ್ನು ದಾಟಿರುವುದು ಇದರಿಂದಲೇ. ಬಟ್ಟೆ ಅಂಗಡಿಯಲ್ಲಿ ಗಜಕಡ್ಡಿ ಹಿಡಿದು ಅಳೆದುಕೊಡುವ ಹಾಗೆ ಚಿತ್ರವನ್ನು ಉದ್ದದ ಲೆಕ್ಕದಲ್ಲಿ ಅಳೆದು, ದುಡ್ಡು ಎಣಿಸಿಕೊಂಡು, ಗಿರಾಕಿಯ ಕೈಗೆ ಶಾಶ್ವತವಾಗಿ ಕೊಟ್ಟುಬಿಡುವುದು ಆ ಕಾಲದ ವ್ಯಾಪಾರ.

1896ರಲ್ಲಿ ಶುರುವಾದ ಈ ಕಂಪನಿ 1902ರ ಹೊತ್ತಿಗೆ ಯುರೋಪು, ಅಮೆರಿಕ ಎರಡೂ ಕಡೆ ಹೆಸರು ಮಾಡಿತ್ತು. 1913ಕ್ಕೆ ನಿಂತೇ ಹೋಯಿತು. 1923ರಲ್ಲಿ ಅದರ ಒಡೆಯನೇ ತನ್ನ ನೆಗೆಟಿವ್‌ಗಳನ್ನು, ಅಂದರೆ ಪ್ರಿಂಟು ಹಾಕಲು ಬೇಕಾದ ಮೂಲ ಪಟ್ಟಿಗಳನ್ನು, ಸುಟ್ಟುಹಾಕಿದ. ಜನರ ಅಭಿರುಚಿ ಬದಲಾಯಿತು, ಮಾಯಾಜಾಲದ ಚಿತ್ರಗಳು ಹಳತಾದವು ಎಂಬುದು ಸಾಮಾನ್ಯವಾಗಿ ಸಿಗುವ ಉತ್ತರ. ಅದರಲ್ಲಿ ನಿಜವಿಲ್ಲದಿಲ್ಲ. ಆದರೆ ಕಂಪನಿಯ ಖರ್ಚು ಹೇಗೆ ಹುಟ್ಟುತ್ತಿತ್ತು, ವರಮಾನ ಎಲ್ಲಿಂದ ಬರುತ್ತಿತ್ತು ಎಂದು ಜೋಡಿಸಿ ನೋಡಿದರೆ ರೋಗ ಬೇರೆ ಕಡೆ ಕಾಣುತ್ತದೆ. ಮೆಲಿಯೆಸ್ ಕಳ್ಳರಿಂದ ತಮ್ಮ ಚಿತ್ರವನ್ನು ಕಾಯಲು ಬೇಕಾದ್ದನ್ನೆಲ್ಲ ಮಾಡಿದರು. ಮಾರಿದ ಪ್ರಿಂಟಿನಿಂದ ಮುಂದೆ ಹುಟ್ಟುವ ಗಳಿಕೆಯಲ್ಲಿ ಪಾಲು ಕೇಳುವ ದಾರಿಯನ್ನು ಮಾತ್ರ ಅವರು ಕಟ್ಟಿಕೊಳ್ಳಲೇ ಇಲ್ಲ.

ಬಂಡವಾಳ ಮತ್ತು ಮೊದಲ ಯಂತ್ರ

ಮೆಲಿಯೆಸ್ ಹುಟ್ಟಿದ್ದು 1861ರ ಡಿಸೆಂಬರ್ 8ರಂದು, ಪ್ಯಾರಿಸ್ಸಿನ ಶೂ ಕಾರ್ಖಾನೆಯ ಮನೆತನದಲ್ಲಿ. ಕಾರ್ಖಾನೆಯ ತಮ್ಮ ಪಾಲನ್ನು ಅಣ್ಣಂದಿರಿಗೆ ಬಿಟ್ಟುಕೊಟ್ಟು ಬಂದ ಹಣದಿಂದ 1888ರಲ್ಲಿ ರೋಬೆರ್ ಉದಾಂ ಥಿಯೇಟರನ್ನು ಕೊಂಡರು. ಇಂದ್ರಜಾಲಕ್ಕೆಂದೇ ಹೆಸರಾಗಿದ್ದ, ಸುಮಾರು ಇನ್ನೂರು ಜನ ಕೂರುವಷ್ಟರ ಚಿಕ್ಕ ರಂಗಮಂದಿರ ಅದು. ಇಲ್ಲಿ ಒಂದು ಮಾತು ಗಮನಿಸಬೇಕು. ಸ್ಟಾರ್ ಫಿಲ್ಮ್‌ಗೆ ಷೇರುದಾರರಿರಲಿಲ್ಲ, ಬ್ಯಾಂಕಿನ ಬೆಂಬಲವಿರಲಿಲ್ಲ. ಬಂಡವಾಳವೆಲ್ಲ ಒಬ್ಬ ಮನುಷ್ಯನ ಜೇಬಿನದು. ಇದೇ ಹೊತ್ತಿಗೆ ಹುಟ್ಟಿದ ಪಾತೆ ಸಹೋದರರ ಕಂಪನಿ 1897ರ ಕೊನೆಗೆ ಹತ್ತು ಲಕ್ಷ ಫ್ರಾಂಕ್ ಷೇರು ಬಂಡವಾಳ ಎತ್ತಿ ಕೂತಿತ್ತು.

1895ರ ಡಿಸೆಂಬರ್ 28ರಂದು ಗ್ರಾಂ ಕಫೆಯಲ್ಲಿ ಲೂಮಿಯೇರ್ ಸಹೋದರರು ನಡೆಸಿದ ಚಲನಚಿತ್ರ ಪ್ರದರ್ಶನವನ್ನು ನೋಡಿದ ಮೆಲಿಯೆಸ್ ಯಂತ್ರವನ್ನು ಕೊಳ್ಳಲು ಮುಂದಾದರು. ಲೂಮಿಯೇರ್ ಮನೆಯವರು ಮಾರಲಿಲ್ಲ. ಲಂಡನ್ನಿಗೆ ಹೋಗಿ ರಾಬರ್ಟ್ ಪಾಲ್ ತಯಾರಿಸುತ್ತಿದ್ದ ಪ್ರೊಜೆಕ್ಟರ್ ತಂದರು. ಅದರ ಚಲನೆಯ ಭಾಗವನ್ನೇ ತಿರುಗಿಸಿ ಕ್ಯಾಮೆರಾ ಮಾಡಿಸಿದರು. ಲ್ಯೂಸಿಯಾಂ ಕೋರ್ಸ್ತೆನ್ ಮತ್ತು ಲ್ಯೂಸಿಯಾಂ ರ್‍ಯೂಲೋಸ್ ಜೊತೆ ಸೇರಿ ತಯಾರಿಸಿದ ಆ ಕ್ಯಾಮೆರಾಕ್ಕೆ 1896ರ ಸೆಪ್ಟೆಂಬರಿನಲ್ಲಿ ಪೇಟೆಂಟ್ ಪಡೆದರು. ಈಸ್ಟ್‌ಮನ್ ಕಚ್ಚಾ ಫಿಲ್ಮ್ ರಂಧ್ರಗಳಿಲ್ಲದೆ ಬರುತ್ತಿತ್ತು. ಅಂಚಿಗೆ ರಂಧ್ರ ಹೊಡೆಯುವುದು, ಡೆವಲಪ್ ಮಾಡುವುದು, ಪ್ರಿಂಟ್ ಹಾಕುವುದು, ಎಲ್ಲವನ್ನೂ ಮಾಡಿ ಕೆಡಿಸಿ ಮತ್ತೆ ಮಾಡಿ ಕಲಿಯಬೇಕಾಯಿತು. ಮೊದಲ ಚಿತ್ರಗಳು ಇಪ್ಪತ್ತು ಮೀಟರಿನವು, ಒಂದು ನಿಮಿಷದ ಆಸುಪಾಸು. ಕ್ಯಾಟಲಾಗಿನ ಅಳತೆಗೋಲು ಬಂದದ್ದು ಇಲ್ಲಿಂದ.

ಮೊಂತ್ರೊಯ್‌ನ ಗಾಜಿನ ಸ್ಟುಡಿಯೊ

1897ರಲ್ಲಿ ಪ್ಯಾರಿಸ್ಸಿನ ಪೂರ್ವಕ್ಕಿರುವ ಮೊಂತ್ರೊಯ್‌ನಲ್ಲಿ, ಮನೆತನದ ತೋಟದಲ್ಲಿ, ಮೆಲಿಯೆಸ್ ಸ್ಟುಡಿಯೊ ಕಟ್ಟಿಸಿದರು. 17 ಮೀಟರ್ ಉದ್ದ, 7 ಮೀಟರ್ ಅಗಲ. ಗೋಡೆ ಮತ್ತು ಮಾಡು ಗಾಜಿನವು. ರಂಗದ ಅಳತೆಯನ್ನು ತಮ್ಮ ಥಿಯೇಟರಿನ ಅಳತೆಗೇ ಹೊಂದಿಸಿದರು. ಬಿಸಿಲು ನೇರವಾಗಿ ಬಿದ್ದರೆ ಗಾಜಿನ ಕಟ್ಟಿನ ನೆರಳು ದೃಶ್ಯದ ಮೇಲೆ ಗೆರೆ ಎಳೆಯುತ್ತದೆಂದು ಹೆಚ್ಚಿನ ಗಾಜುಗಳನ್ನು ಮಬ್ಬುಗಾಜು ಮಾಡಿಸಿದ್ದರು. ಕೆಲಸಕ್ಕೆ ಸಿಗುವ ಒಳ್ಳೆಯ ಬೆಳಕು ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರವರೆಗೆ, ಅದೂ ಮೋಡ ಅಡ್ಡ ಬರದಿದ್ದರೆ. ಒಂದು ದೃಶ್ಯದ ಮಧ್ಯೆ ಮೋಡ ಬಂದರೆ ಬೆಳಕು ಕುಸಿದು ಆ ಪಟ್ಟಿ ವ್ಯರ್ಥ. ದಿನಕ್ಕೆ ನಾಲ್ಕು ತಾಸಿನ ಈ ಮಿತಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ವಾರದ ಕೋಟಾ ಬಂದಾಗ ಕಂಪನಿಯ ಕತ್ತು ಹಿಸುಕಿದ್ದರಲ್ಲಿ ಇದೂ ಒಂದು.

ರಂಗಸಜ್ಜಿಕೆ, ಸಾಮಾನು, ಉಡುಪು ಎಲ್ಲಕ್ಕೂ ಬೂದು ಬಣ್ಣದ ಬೇರೆ ಬೇರೆ ಛಾಯೆಗಳೇ. ಆಗಿನ ಫಿಲ್ಮಿಗೆ ಕೆಂಪು ಕಾಣಿಸದು, ಕಪ್ಪಾಗಿ ಬೀಳುತ್ತದೆ, ನೀಲಿ ಬೆಳ್ಳಗಾಗುತ್ತದೆ. ಕಣ್ಣಿಗೆ ಚೆಂದ ಕಂಡ ಬಣ್ಣದ ಪರದೆ ಪ್ರಿಂಟಿನಲ್ಲಿ ಗುರುತೇ ಸಿಗದಂತಾಗುತ್ತಿತ್ತು. ಹಾಗಾಗಿ ಫಿಲ್ಮ್ ಏನು ನೋಡುತ್ತದೋ ಅದನ್ನೇ ಬರೆಯುವುದು ಕ್ಷೇಮ. ನಟರ ಮುಖಕ್ಕೂ ಬಿಳುಪು ಮತ್ತು ಕಪ್ಪಿನ ಬಳಿತವೇ ಹೊರತು ಕೆಂಪು ಇಲ್ಲ.

ಈಗ ತಂತ್ರಗಳ ಮಾತು. ಖರ್ಚಿನ ಬೇರು ಇರುವುದು ಇಲ್ಲಿ.

ಒಬ್ಬ ಹೆಂಗಸು ಕುರ್ಚಿಯಲ್ಲಿ ಕೂತಿದ್ದಾಳೆ, ಮರುಕ್ಷಣ ಅವಳ ಜಾಗದಲ್ಲಿ ಅಸ್ಥಿಪಂಜರ. ಕ್ಯಾಮೆರಾ ನಿಲ್ಲಿಸಿ, ಬದಲಾಯಿಸಿ, ಮತ್ತೆ ತಿರುಗಿಸಿದರೆ ಆಯಿತು ಎಂದು ಹೇಳುವುದು ಸುಲಭ. ನಿಜದಲ್ಲಿ ಅಷ್ಟಕ್ಕೆ ಕೆಲಸ ಮುಗಿಯುವುದಿಲ್ಲ. ಹಿಡಿಕೆ ತಿರುಗಿಸುವ ಕ್ಯಾಮೆರಾ ನಿಲ್ಲುವಾಗಲೂ ಹೊರಡುವಾಗಲೂ ನಿಧಾನವಾಗುತ್ತದೆ, ಆ ಕೆಲವು ಚೌಕಗಳಿಗೆ (ಫ್ರೇಮುಗಳಿಗೆ) ಬೆಳಕು ಹೆಚ್ಚು ಬಿದ್ದು ಅವು ಬಿಳಚಿಕೊಳ್ಳುತ್ತವೆ. ಜೊತೆಯ ನಟ ಎತ್ತಿದ ಕೈಯನ್ನು ಎಷ್ಟೇ ಅಲ್ಲಾಡದೆ ಹಿಡಿದರೂ ಒಂದಿಷ್ಟು ಇಳಿದಿರುತ್ತದೆ. ಅದಕ್ಕೆ ನೆಗೆಟಿವ್ ಡೆವಲಪ್ ಆದ ಮೇಲೆ ಎರಡೂ ಕಡೆಯ ಕೆಟ್ಟ ಚೌಕಗಳನ್ನು ಕತ್ತರಿಸಿ ತೆಗೆದು, ಚಲನೆ ಹೊಂದುವ ಎರಡು ಚೌಕಗಳನ್ನು ಹುಡುಕಿ, ಅಂಚನ್ನು ಕೆರೆದು ಅಂಟಿನಿಂದ ಸೇರಿಸಬೇಕು. ಉಳಿದಿರುವ ಪ್ರತಿಗಳನ್ನು ಪರೀಕ್ಷಿಸಿದವರಿಗೆ ಇಂಥ ಮಾಯೆ ನಡೆದ ಜಾಗದಲ್ಲೆಲ್ಲ ಅಂಟಿಸಿದ ಗುರುತು ಕಂಡಿದೆ. ಮೆಲಿಯೆಸ್‌ಗೆ ಸಂಕಲನ ಗೊತ್ತಿರಲಿಲ್ಲ ಎಂದು ಇಂದಿಗೂ ಬರೆಯುವವರಿದ್ದಾರೆ. ದೃಶ್ಯದಿಂದ ದೃಶ್ಯಕ್ಕೆ ಹಾರುವ ಸಂಕಲನ ಅವರಲ್ಲಿ ಕಡಿಮೆ, ನಿಜ. ಆದರೆ ಒಂದೇ ದೃಶ್ಯದೊಳಗೆ, ಕಣ್ಣಿಗೆ ಕಾಣದ ಹಾಗೆ ಅಷ್ಟು ಸಲ ಕತ್ತರಿಸಿ ಕೂಡಿಸಿದವರು ಆ ಕಾಲದಲ್ಲಿ ಇನ್ನೊಬ್ಬರಿಲ್ಲ.

ಇದಕ್ಕಿಂತ ಕಷ್ಟದ್ದು ಒಂದೇ ಪಟ್ಟಿಯ ಮೇಲೆ ಹಲವು ಸಲ ಚಿತ್ರೀಕರಿಸುವುದು. ಹಿನ್ನೆಲೆಗೆ ಕಪ್ಪು ಬಟ್ಟೆ. ಕಪ್ಪು ಬಿದ್ದ ಜಾಗದಲ್ಲಿ ಫಿಲ್ಮ್‌ಗೆ ಬೆಳಕು ತಾಗದೆ ಅದು ಇನ್ನೂ ಕಚ್ಚಾ ಆಗಿಯೇ ಇರುತ್ತದೆ. ನಟ ಒಂದು ಮೂಲೆಯಲ್ಲಿ ತನ್ನ ಪಾಲು ಮುಗಿಸಿದ ಮೇಲೆ ಫಿಲ್ಮನ್ನು ಗುರುತು ಹಾಕಿದ ಚೌಕದವರೆಗೆ ಹಿಂದಕ್ಕೆ ಸುತ್ತಿ, ಅವನನ್ನೇ ಇನ್ನೊಂದು ಜಾಗದಲ್ಲಿ ನಿಲ್ಲಿಸಿ ಮತ್ತೆ ತಿರುಗಿಸಬೇಕು. 1900ರ ಒಂದು ಚಿತ್ರದಲ್ಲಿ ಮೆಲಿಯೆಸ್ ಏಳು ಮಂದಿಯಾಗಿ ಕೂತು ವಾದ್ಯಗೋಷ್ಠಿ ನಡೆಸುತ್ತಾರೆ. ಪಟ್ಟಿ ಕ್ಯಾಮೆರಾದೊಳಗೆ ಏಳು ಸಲ ಹೋಗಿ ಬಂದಿದೆ ಎಂದಾಯಿತು. ಏಳನೆಯ ಸಲ ನಟ ಎಣಿಕೆ ತಪ್ಪಿದರೆ ಹಿಂದಿನ ಆರೂ ಹಾಳು. ರಂಧ್ರ ಸರಿಯಾಗಿ ಬಿದ್ದಿಲ್ಲದೆ ಫಿಲ್ಮ್ ಲೆನ್ಸಿನ ಹಿಂದಿನ ಚೌಕಟ್ಟಿನಲ್ಲಿ ಕೂದಲೆಳೆಯಷ್ಟು ಅಲುಗಿದರೂ ಏಳು ಬಿಂಬಗಳು ಒಂದರ ಪಕ್ಕದಲ್ಲಿ ಒಂದು ನಡುಗುತ್ತವೆ. ಇದನ್ನು ಸಹಾಯಕರಿಗೆ ವಹಿಸಿ ಮಾಡಿಸುವಂತಿಲ್ಲ. ಕಥೆ, ರಂಗದ ನಕ್ಷೆ, ಮುಖ್ಯ ಪಾತ್ರ, ನಿರ್ದೇಶನ ಎಲ್ಲವೂ ಮೆಲಿಯೆಸ್ ಅವರದೇ ಆಗಿತ್ತು. ಅವರು ಮಲಗಿದರೆ ಕಂಪನಿ ಮಲಗಿದ ಹಾಗೆ.

ಬಣ್ಣದ ಪ್ರತಿಗಳ ಕೆಲಸ ಹೊರಗಡೆ. ಎಲಿಜಬೆತ್ ತ್ವಿಲಿಯೆ ಅವರ ಕಾರ್ಯಾಗಾರದಲ್ಲಿ ಇನ್ನೂರಕ್ಕೂ ಹೆಚ್ಚು ಹೆಂಗಸರು ಸಣ್ಣ ಕುಂಚ ಹಿಡಿದು ಅನಿಲೀನ್ ಬಣ್ಣವನ್ನು ಚೌಕದಿಂದ ಚೌಕಕ್ಕೆ ತುಂಬುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದೇ ಬಣ್ಣ. ಒಬ್ಬರು ಮುಗಿಸಿದ ಪ್ರಿಂಟು ಮುಂದಿನವರ ಕೈಗೆ. ಪಾತೆ ಕಂಪನಿ ಇದೇ ಕೆಲಸಕ್ಕೆ ಮುಂದೆ ಕೊರೆಯಚ್ಚು ತಂದಿತು: ಬಣ್ಣಕ್ಕೊಂದರಂತೆ ಫಿಲ್ಮಿನ ಪಟ್ಟಿಯನ್ನೇ ಕೊರೆದಿಟ್ಟುಕೊಂಡು ಯಂತ್ರದ ಮೂಲಕ ಎಷ್ಟು ಪ್ರತಿಗೆ ಬೇಕಾದರೂ ಬಣ್ಣ ಒತ್ತಬಹುದು. ಕೊರೆಯುವ ಖರ್ಚು ಒಮ್ಮೆ ಮಾತ್ರ. ಸ್ಟಾರ್ ಫಿಲ್ಮ್‌ನಲ್ಲಿ ಹತ್ತನೆಯ ಬಣ್ಣದ ಪ್ರಿಂಟಿಗೂ ಮೊದಲನೆಯದರಷ್ಟೇ ಕೂಲಿ.

260 ಮೀಟರಿನ ಲೆಕ್ಕ

'ಚಂದ್ರಯಾತ್ರೆ'ಗೆ ಹಿಡಿದದ್ದು ಸುಮಾರು ಮೂರು ತಿಂಗಳು, ತಗುಲಿದ್ದು ಸುಮಾರು 10,000 ಫ್ರಾಂಕ್. ಇದರಲ್ಲಿ ದೊಡ್ಡ ಪಾಲು ಯಾಂತ್ರಿಕ ರಂಗಸಜ್ಜಿಕೆಗೆ ಮತ್ತು ಚಂದ್ರವಾಸಿಗಳ ರಟ್ಟು-ಕ್ಯಾನ್ವಾಸಿನ ವೇಷಗಳಿಗೆ ಹೋಯಿತು. ತಲೆ, ಪಾದ, ಮಂಡಿಚಿಪ್ಪುಗಳನ್ನು ಮೆಲಿಯೆಸ್ ಮೊದಲು ಮಣ್ಣಿನಲ್ಲಿ ಮಾಡಿ, ಅಚ್ಚು ತೆಗೆಸಿ, ರಟ್ಟಿನಲ್ಲಿ ಎರಕ ಹೊಯ್ಸಿದ್ದರು. ಚಂದ್ರವಾಸಿಗಳಾಗಿ ಹಾರಿ ಕುಣಿದವರು ಪ್ಯಾರಿಸ್ಸಿನ ಫೋಲಿ ಬೆರ್ಜೇರ್ ರಂಗಮಂದಿರದ ದೊಂಬರಾಟದವರು.

1902ರ ಸೆಪ್ಟೆಂಬರಿನಲ್ಲಿ ಮಾರಾಟಕ್ಕೆ ಬಂದ ಪ್ರಿಂಟಿನ ಬೆಲೆ ಕಪ್ಪುಬಿಳುಪಿಗೆ 560 ಫ್ರಾಂಕ್, ಬಣ್ಣದ್ದಕ್ಕೆ 1,000. ಭಾಗಿಸಿ ನೋಡಿದರೆ ಕಪ್ಪುಬಿಳುಪಿನದು ಮೀಟರಿಗೆ ಎರಡು ಫ್ರಾಂಕ್ ಹದಿನೈದು ಸಾಂತೀಮಿನಷ್ಟು. ಕಚ್ಚಾ ಫಿಲ್ಮ್, ಲ್ಯಾಬಿನ ಕೂಲಿ, ಏಜೆಂಟರ ಕಮಿಷನ್ ಯಾವುದನ್ನೂ ಕಳೆಯದೆಯೇ ಹದಿನೆಂಟು ಪ್ರಿಂಟು ಮಾರಿದರೆ ನೆಗೆಟಿವಿನ ಖರ್ಚು ಹುಟ್ಟುತ್ತದೆ. ಅವನ್ನೆಲ್ಲ ಕಳೆದರೆ ಇನ್ನೂ ಬಹಳ ಬೇಕು. ಪಕ್ಕದ ಕಂಪನಿಯವರು ಬೀದಿಯಲ್ಲಿ ಕ್ಯಾಮೆರಾ ಇಟ್ಟು ತೆಗೆದ ಅಟ್ಟಿಸಿಕೊಂಡು ಓಡುವ ಹಾಸ್ಯಚಿತ್ರಕ್ಕೂ ಮೀಟರಿನ ಲೆಕ್ಕವೇ. ಮೀಟರ್ ದರದಲ್ಲಿ ಪರಿಶ್ರಮಕ್ಕೆ ಬೆಲೆಯಿಲ್ಲ, ಉದ್ದಕ್ಕೆ ಮಾತ್ರ ಬೆಲೆ. ಸ್ಟಾರ್ ಫಿಲ್ಮ್ ಒಂದಿಷ್ಟು ಹೆಚ್ಚು ಕೇಳಬಹುದಿತ್ತು, ಹಲವು ಪಟ್ಟು ಕೇಳುವಂತಿರಲಿಲ್ಲ.

ಹಾಗಿದ್ದೂ ಇಷ್ಟು ವರ್ಷ ನಡೆದದ್ದು ಹೇಗೆ? ಗಿರಾಕಿಗಳು ಯಾರೆಂದು ನೋಡಬೇಕು. ಅವರಲ್ಲಿ ಬಹುಪಾಲು ಜಾತ್ರೆಯಿಂದ ಜಾತ್ರೆಗೆ ಟೆಂಟು ಹೊತ್ತು ತಿರುಗುವ ಪ್ರದರ್ಶಕರು. ಅವರಿಗೆ ಊರು ಬದಲಾದರೆ ಸಾಕು, ಚಿತ್ರ ಹಳೆಯದೇ ಆದರೂ ಜನಕ್ಕೆ ಹೊಸದು. ಒಂದು ಒಳ್ಳೆಯ ಪ್ರಿಂಟನ್ನು ಕೊಂಡರೆ ಅದು ಸವೆದು ಹರಿಯುವ ತನಕ ಅನ್ನ ಹಾಕುತ್ತದೆ. ಅಂಥವರು 560 ಫ್ರಾಂಕ್ ಕೊಡಲು ಹಿಂಜರಿಯಲಿಲ್ಲ, ಏಕೆಂದರೆ ಅದು ಅವರಿಗೆ ಆಸ್ತಿ. ತಿರುಗುವ ಪ್ರದರ್ಶಕ, ಪೂರ್ತಿ ಮಾರಾಟ, ಜಾಣ್ಮೆಯಿಂದ ಮಾಡಿದ ಬಾಳಿಕೆಯ ಚಿತ್ರ ಎಂಬ ಮೂರು ಒಂದಕ್ಕೊಂದು ಹೊಂದಿದ್ದವು. ಮೂರರಲ್ಲಿ ಮೊದಲನೆಯದು ಕಳಚಿದರೆ ಉಳಿದೆರಡು ನಿಲ್ಲುವುದಿಲ್ಲ.

ಕಳ್ಳನಕಲಿನ ವಿರುದ್ಧ ನ್ಯೂಯಾರ್ಕ್ ಕಚೇರಿ

'ಚಂದ್ರಯಾತ್ರೆ' ಅಮೆರಿಕದಲ್ಲಿ ತುಂಬಿದ ಪ್ರದರ್ಶನ ಕಂಡಿತು, ಆದರೆ ಹಣ ಬಂದದ್ದು ಬೇರೆಯವರಿಗೆ. ಎಡಿಸನ್, ಲೂಬಿನ್, ಸೆಲಿಗ್ ಕಂಪನಿಗಳು ಒಂದು ಪ್ರಿಂಟು ಹಿಡಿದು ಅದರಿಂದಲೇ ನೆಗೆಟಿವ್ ಎಬ್ಬಿಸಿ ತಮ್ಮ ಪ್ರಿಂಟುಗಳನ್ನು ಮಾರಿದವು. ಲೂಬಿನ್ ಹೆಸರನ್ನೂ ಬದಲಿಸಿ ಮಂಗಳಯಾತ್ರೆ ಎಂದು ಮಾರಿದ. ಮಾರಿದ ಪ್ರಿಂಟು ಮಾರಿದ ಮೇಲೆ ಯಾರದೋ ಸ್ವತ್ತು. ಅವರು ಅದನ್ನು ಪ್ರಿಂಟರಿಗೆ ಹಾಕಿದರೆ ತಡೆಯಲು ಕಾನೂನೂ ಕೈಗೆಟುಕುವಂತಿರಲಿಲ್ಲ. ಅಮೆರಿಕ ಆಗ ದೇಶದೇಶಗಳ ನಡುವಿನ ಕಾಪಿರೈಟಿನ ಬರ್ನ್ ಒಪ್ಪಂದಕ್ಕೆ ಸಹಿ ಹಾಕಿರಲಿಲ್ಲ, ಅಲ್ಲಿನ ಕಾಪಿರೈಟ್ ಕಾನೂನಿನಲ್ಲಿ ಚಲನಚಿತ್ರ ಎಂಬ ವರ್ಗವೂ ಇರಲಿಲ್ಲ. ಅದು ಸೇರಿದ್ದು 1912ರಲ್ಲಿ.

ಮೆಲಿಯೆಸ್ ತಮ್ಮ ಅಣ್ಣ ಗಾಸ್ತೋನ್ ಅವರನ್ನು ನ್ಯೂಯಾರ್ಕಿಗೆ ಕಳಿಸಿದರು. 1903ರಲ್ಲಿ ಈಸ್ಟ್ 38ನೇ ಬೀದಿಯ 204ನೇ ನಂಬರಿನಲ್ಲಿ ಶಾಖೆ ತೆರೆಯಿತು. ಇಂಗ್ಲಿಷ್ ಕ್ಯಾಟಲಾಗಿನ ಮುನ್ನುಡಿಯಲ್ಲಿ ನಕಲಿಗಾರರನ್ನು ಹಿಡಿದು ಕಟಕಟೆಗೆ ಏರಿಸುತ್ತೇವೆ, ಎರಡು ಸಲ ಹೇಳುವುದಿಲ್ಲ ಎಂಬ ಎಚ್ಚರಿಕೆ ಅಚ್ಚಾಯಿತು. ಕಾಪಿರೈಟ್ ಪಡೆಯಲು ಆಗ ಒಂದೇ ಉಪಾಯ. ಚಲನಚಿತ್ರವನ್ನು ಸ್ಥಿರಚಿತ್ರಗಳ ಸಾಲು ಎಂದು ನೋಂದಾಯಿಸಬಹುದು. ಅದಕ್ಕಾಗಿ ಫಿಲ್ಮಿನ ಪಟ್ಟಿಯಷ್ಟೇ ಅಗಲದ ಫೋಟೊ ಕಾಗದದ ಸುರುಳಿಯ ಮೇಲೆ ಪ್ರಿಂಟು ಹಾಕಿ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಒಪ್ಪಿಸಬೇಕು. ಸ್ಟಾರ್ ಫಿಲ್ಮ್ ಹಾಗೆಯೇ ಮಾಡಿತು. ಜೊತೆಗೆ ಕಂಪನಿಯ ಗುರುತಾದ ನಕ್ಷತ್ರವನ್ನು ರಂಗಸಜ್ಜಿಕೆಯಲ್ಲೇ ಎಲ್ಲಾದರೊಂದು ಕಡೆ ಕಾಣುವಂತೆ ಇಡುತ್ತಿದ್ದರು, ನಕಲು ಮಾಡಿದರೂ ಮೂಲ ಗೊತ್ತಾಗಲಿ ಎಂದು.

ನ್ಯೂಯಾರ್ಕಿನಲ್ಲೇ ಪ್ರಿಂಟು ಹಾಕಬೇಕಾದರೆ ಅಲ್ಲೊಂದು ನೆಗೆಟಿವ್ ಬೇಕು. ಪ್ಯಾರಿಸ್ಸಿನ ನೆಗೆಟಿವನ್ನೇ ಕಳಿಸಿದರೆ ಯುರೋಪಿಗೆ ಇಲ್ಲ. ಪ್ರಿಂಟಿನಿಂದ ಇನ್ನೊಂದು ನೆಗೆಟಿವ್ ತೆಗೆಯಲು ತಕ್ಕ ಫಿಲ್ಮ್ ಆಗಿನ್ನೂ ಬಂದಿರಲಿಲ್ಲ. ತೆಗೆದರೆ ಬಿಳುಪು ಸುಟ್ಟಂತಾಗಿ, ನೆರಳು ಮಸಿಯಾಗಿ, ನಡುವಿನ ಛಾಯೆಗಳೆಲ್ಲ ಹೋಗುತ್ತಿದ್ದವು. ಕಳ್ಳಪ್ರತಿಗಳನ್ನು ಗುರುತಿಸುವುದೇ ಆ ಲಕ್ಷಣದಿಂದ. ಮೆಲಿಯೆಸ್ ಕಂಡುಕೊಂಡ ದಾರಿ ಎಂದರೆ ಪಕ್ಕಪಕ್ಕದಲ್ಲಿ ಎರಡು ಲೆನ್ಸ್ ಇರುವ ಕ್ಯಾಮೆರಾ. ಒಂದೇ ಹಿಡಿಕೆ, ಎರಡು ಫಿಲ್ಮ್. ಒಂದು ಸಲ ನಟಿಸಿದರೆ ಎರಡು ಅಸಲಿ ನೆಗೆಟಿವ್: ಒಂದು ಪ್ಯಾರಿಸ್ಸಿಗೆ, ಇನ್ನೊಂದು ಹಡಗಿನಲ್ಲಿ ನ್ಯೂಯಾರ್ಕಿಗೆ. ಪ್ರಿಂಟುಗಳ ಬದಲು ಒಂದೇ ನೆಗೆಟಿವ್ ಹೋಗುವುದರಿಂದ ಸುಂಕವೂ ಉಳಿಯಿತು. ಹೇಳಬೇಕಾದ ಕಷ್ಟವೂ ಒಂದಿದೆ: ಕತ್ತರಿಸಿ ಅಂಟಿಸುವ ಕೆಲಸ ಎರಡು ಪಟ್ಟಾಯಿತು, ಎರಡೂ ನೆಗೆಟಿವಿನಲ್ಲಿ ಅದೇ ಚೌಕಕ್ಕೆ ಕತ್ತರಿ ಬೀಳಬೇಕು.

ಇಷ್ಟೆಲ್ಲ ಮಾಡಿದ್ದಕ್ಕೆ ಫಲ ಸಿಗದೆ ಹೋಗಲಿಲ್ಲ. ಅಮೆರಿಕದ ವ್ಯಾಪಾರ ಕೈಗೆ ಬಂತು. ಆದರೆ ಗಾಸ್ತೋನ್ ಕಚೇರಿ ಕಾಯುತ್ತಿದ್ದದ್ದು ಪ್ರಿಂಟು ಮಾರುವ ಹಕ್ಕನ್ನು. ಆ ಪ್ರಿಂಟು ಒಂದು ನಗರದಲ್ಲಿ ಮುನ್ನೂರು ಆಟ ನಡೆದರೂ ಮೂವತ್ತು ಆಟ ನಡೆದರೂ ಕಂಪನಿಗೆ ಬರುವುದು ಅದೇ ಒಂದು ಬೆಲೆ.

ಬಾಡಿಗೆ ಬಂತು, ವಾರದ ಕೋಟಾ ಬಂತು

1906-07ರ ಹೊತ್ತಿಗೆ ಪ್ಯಾರಿಸ್ಸಿನಲ್ಲೂ ಅಮೆರಿಕದ ನಗರಗಳಲ್ಲೂ ಖಾಯಂ ಚಿತ್ರಮಂದಿರಗಳು ಎದ್ದವು. ಖಾಯಂ ಮಂದಿರದ ಕಷ್ಟ ಟೆಂಟಿನವರ ಕಷ್ಟಕ್ಕೆ ತಿರುಗುಮುರುಗು. ಇಲ್ಲಿ ಊರು ಬದಲಾಗದು, ಚಿತ್ರ ಬದಲಾಗಬೇಕು. ವಾರಕ್ಕೊಮ್ಮೆ, ಅಮೆರಿಕದಲ್ಲಿ ಇನ್ನೂ ಬೇಗ, ಹೊಸ ಕಾರ್ಯಕ್ರಮ ಬೇಕು. ಹಾಗೆ ಬದಲಿಸುವ ಪ್ರಿಂಟುಗಳನ್ನೆಲ್ಲ ಕೊಳ್ಳುವುದು ಯಾವ ಮಾಲೀಕನಿಗೂ ಆಗದ ಮಾತು. ಬಾಡಿಗೆಗೆ ತರುವುದೇ ಸರಿ.

ಇದನ್ನು ಮೊದಲು ಓದಿಕೊಂಡವರು ಶಾರ್ಲ್ ಪಾತೆ. 1907ರಲ್ಲಿ ಪಾತೆ ಕಂಪನಿ ಪ್ರಿಂಟು ಮಾರುವುದನ್ನು ಬಿಟ್ಟು, ಫ್ರಾನ್ಸನ್ನು ವಲಯಗಳಾಗಿ ಹಂಚಿ, ವಲಯಕ್ಕೊಂದು ಹಂಚಿಕೆ ಕಂಪನಿಯ ಮೂಲಕ ಬಾಡಿಗೆಗೆ ಕೊಡತೊಡಗಿತು. ಪ್ರಿಂಟು ತಿರುಗಿ ಬರುತ್ತದೆ, ಇನ್ನೊಂದು ಊರಿಗೆ ಹೋಗುತ್ತದೆ, ಪ್ರತಿ ಸಲವೂ ಹಣ ತರುತ್ತದೆ. ಹಳೆ ಪ್ರಿಂಟು ಅಗ್ಗಕ್ಕೆ ಕೈಬದಲಾಗಿ ಹೊಸ ಚಿತ್ರದ ಮಾರುಕಟ್ಟೆ ಕೆಡಿಸುವುದೂ ನಿಂತಿತು. ಜಾತ್ರೆಯ ಪ್ರದರ್ಶಕರಿಗೆ ಇದು ಪೆಟ್ಟು, ಅವರನ್ನು ನಂಬಿದ್ದ ಸ್ಟಾರ್ ಫಿಲ್ಮ್‌ಗೆ ಅದಕ್ಕಿಂತ ದೊಡ್ಡ ಪೆಟ್ಟು. ಪಾತೆಯಂತೆ ಮಾಡಲು ಮೆಲಿಯೆಸ್‌ಗೆ ಸಾಧ್ಯವಿತ್ತೇ? ನಮ್ಮ ಅಭಿಪ್ರಾಯದಲ್ಲಿ ಒಬ್ಬಂಟಿಯಾಗಿ ಸಾಧ್ಯವಿರಲಿಲ್ಲ. ಬಾಡಿಗೆ ನಡೆಸಲು ಪ್ರತಿ ವಾರ ಇಡೀ ಕಾರ್ಯಕ್ರಮ ತುಂಬುವಷ್ಟು ಸರಕು ಕೈಯಲ್ಲಿರಬೇಕು. ಪಾತೆಯ ಕಾರ್ಖಾನೆ ದಿನಕ್ಕೆ ಹತ್ತಾರು ಕಿಲೋಮೀಟರ್ ಪ್ರಿಂಟು ಹೊರಹಾಕುತ್ತಿತ್ತು. ಇನ್ನೊಂದು ಹಂಚಿಕೆ ಸಂಸ್ಥೆಯೊಡನೆ ಗಳಿಕೆಯ ಪಾಲಿನ ಕರಾರು ಮಾಡಿಕೊಳ್ಳುವುದು ಇದ್ದ ಒಂದೇ ದಾರಿ. ಅದು ಕೊನೆಗೆ ಪಾತೆಯೊಡನೆಯೇ ಆಯಿತು, ಆದರೆ ತಡವಾಗಿ ಮತ್ತು ಸಾಲದ ರೂಪದಲ್ಲಿ.

ಅಮೆರಿಕದಲ್ಲಿ ಆದದ್ದು ಇನ್ನೂ ತೀಕ್ಷ್ಣ. 1908ರ ಆರಂಭದಲ್ಲಿ ಎಡಿಸನ್ ಪೇಟೆಂಟ್‌ಗಳ ಬಲದಿಂದ ಪರವಾನಗಿ ಗುಂಪು ಕಟ್ಟಿದರು. ವರ್ಷದ ಕೊನೆಗೆ ಅದು ಮೋಷನ್ ಪಿಕ್ಚರ್ ಪೇಟೆಂಟ್ಸ್ ಕಂಪನಿಯಾಯಿತು. ಗುಂಪಿನ ಹೊರಗಿದ್ದರೆ ಮಾರುಕಟ್ಟೆಯಿಲ್ಲ. ಒಳಗಿರಬೇಕಾದರೆ ವಾರಕ್ಕೆ 1,000 ಅಡಿ ಹೊಸ ಚಿತ್ರ ಒದಗಿಸಬೇಕು. 1,000 ಅಡಿ ಎಂದರೆ 305 ಮೀಟರ್. ಮೂರು ತಿಂಗಳು ಹಿಡಿದ 'ಚಂದ್ರಯಾತ್ರೆ' 260 ಮೀಟರ್. ಈ ಎರಡು ಅಂಕಿಗಳನ್ನು ಎದುರುಬದುರು ಇಟ್ಟರೆ ಮುಂದಿನದನ್ನು ವಿವರಿಸುವ ಅಗತ್ಯವೇ ಬೀಳುವುದಿಲ್ಲ.

ಮೆಲಿಯೆಸ್ ಪ್ರಯತ್ನಿಸಿದರು. ಮೊಂತ್ರೊಯ್‌ನಲ್ಲಿ ಎರಡನೆಯ ಸ್ಟುಡಿಯೊ ಕಟ್ಟಿಸಿದರು. 1908ರಲ್ಲಿ ಚಿತ್ರಗಳ ಸಂಖ್ಯೆ ಐವತ್ತನ್ನು ದಾಟಿತು. ಹಿಂದಿನ ವರ್ಷದ ಎಣಿಕೆಯ ಮುಂದೆ ಇದು ದೊಡ್ಡ ನೆಗೆತ. ಆದರೆ ಸಜ್ಜಿಕೆ ಸರಳವಾಯಿತು, ತಂತ್ರಗಳು ಕಡಿಮೆಯಾದವು, ಅವರದಲ್ಲದ ಸಾಮಾನ್ಯ ಹಾಸ್ಯ ಮತ್ತು ಕಣ್ಣೀರಿನ ಕಥೆಗಳು ಬಂದವು. ಸ್ಟಾರ್ ಫಿಲ್ಮ್ ಎಂದರೆ ಜನ ನಿರೀಕ್ಷಿಸುತ್ತಿದ್ದದ್ದು ಸಿಗಲಿಲ್ಲ. ಬೇರೆಯವರು ಮಾಡುತ್ತಿದ್ದದ್ದನ್ನು ಬೇರೆಯವರೇ ಚೆನ್ನಾಗಿ ಮಾಡುತ್ತಿದ್ದರು. ಅಭಿರುಚಿ ಬದಲಾಯಿತು ಎಂಬ ಮಾತಿಗೆ ಒಂದು ಕಾರಣ ಇಲ್ಲೇ ಇದೆ.

1909ರ ಫೆಬ್ರವರಿಯಲ್ಲಿ ಯುರೋಪಿನ ನಿರ್ಮಾಪಕರ ಸಮ್ಮೇಳನ ಪ್ಯಾರಿಸ್ಸಿನಲ್ಲಿ ಸೇರಿತು. ಅಧ್ಯಕ್ಷತೆ ಮೆಲಿಯೆಸ್ ಅವರದು. ಜಾರ್ಜ್ ಈಸ್ಟ್‌ಮನ್ ಕೂಡ ಬಂದಿದ್ದರು. ಪ್ರಿಂಟು ಮಾರಬಾರದು, ಬಾಡಿಗೆಗಷ್ಟೇ ಕೊಡಬೇಕು, ಅವಧಿ ಮುಗಿದ ಮೇಲೆ ಹಿಂದಕ್ಕೆ ಪಡೆಯಬೇಕು ಎಂಬ ನಿರ್ಣಯ ಅವರದೇ ಅಧ್ಯಕ್ಷತೆಯಲ್ಲಿ ಆಯಿತು. ಫಿಲ್ಮಿನ ರಂಧ್ರಗಳಿಗೆ ಒಂದೇ ಅಳತೆ ಇರಬೇಕೆಂಬ ಒಪ್ಪಂದವೂ ಅಲ್ಲೇ. ಇಡೀ ಉದ್ಯಮಕ್ಕೆ ಅದರಿಂದ ಉಪಕಾರವಾಯಿತು. ಅವರ ಹಳೆಯ ಗಿರಾಕಿಗಳಿಗೆ ಮಾತ್ರ ಬಾಗಿಲು ಮುಚ್ಚಿತು. ಆ ವರ್ಷ ಮೊಂತ್ರೊಯ್‌ನಲ್ಲಿ ಕೆಲಸ ಕೆಲ ಕಾಲ ನಿಂತಿತು.

ಅಡಮಾನ

ಗಾಸ್ತೋನ್ ಅಮೆರಿಕದಲ್ಲಿ ತಾವೇ ಚಿತ್ರ ತೆಗೆಯಲು ಹೊರಟರು. 1910ರಲ್ಲಿ ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಕೌಬಾಯ್ ಚಿತ್ರಗಳು, 1911ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಪೌಲಾ. 1912ರಲ್ಲಿ ತಂಡ ಕಟ್ಟಿಕೊಂಡು ಟಹೀಟಿ, ನ್ಯೂಜಿಲೆಂಡ್, ಆಸ್ಟ್ರೇಲಿಯಾ, ಜಾವಾ, ಜಪಾನ್ ಎಂದು ಸುತ್ತಿದರು. ಎಕ್ಸ್‌ಪೋಸ್ ಆದ, ಆದರೆ ಡೆವಲಪ್ ಆಗದ ಫಿಲ್ಮ್ ಸೆಕೆ ಮತ್ತು ತೇವದಲ್ಲಿ ವಾರಗಟ್ಟಲೆ ಕೂತರೆ ಬಿಂಬ ಹಿಡಿಯುವ ಲೇಪವಾದ ಎಮಲ್ಷನ್ ಮೆದುವಾಗಿ ಬಿಂಬ ಮಸುಕಾಗುತ್ತದೆ. ನ್ಯೂಯಾರ್ಕಿಗೆ ಬಂದ ಡಬ್ಬಗಳಲ್ಲಿ ಬಹಳಷ್ಟು ಉಪಯೋಗಕ್ಕೆ ಬರಲಿಲ್ಲ. ಅಮೆರಿಕದ ಶಾಖೆ ನಷ್ಟದಲ್ಲಿ ಮುಚ್ಚಿತು. ಗಾಸ್ತೋನ್ 1915ರಲ್ಲಿ ತೀರಿಕೊಂಡರು.

ಇತ್ತ 1911ರಲ್ಲಿ ಮೆಲಿಯೆಸ್ ಪಾತೆಯೊಡನೆ ಕರಾರು ಮಾಡಿಕೊಂಡಿದ್ದರು. ಪಾತೆ ಹಣ ಕೊಡುತ್ತದೆ, ಹಂಚುತ್ತದೆ, ಬೇಕಾದರೆ ಕತ್ತರಿಸುತ್ತದೆ. ಜಾಮೀನಿಗೆ ಮೊಂತ್ರೊಯ್‌ನ ಮನೆ ಮತ್ತು ಸ್ಟುಡಿಯೊ. 1912ರ 'ಧ್ರುವ ವಿಜಯ' 650 ಮೀಟರಿನ ದೊಡ್ಡ ಚಿತ್ರ. ಅದರ ಹಿಮದೈತ್ಯ ಇಂದಿಗೂ ಬೆರಗು ಹುಟ್ಟಿಸುತ್ತದೆ. ಹಣ ಮಾತ್ರ ಹುಟ್ಟಲಿಲ್ಲ. 'ಸಿಂಡರೆಲ್ಲಾ'ವನ್ನು ಪಾತೆಯ ಫೆರ್ದಿನಾಂ ಜೆಕ್ಕಾ ಕತ್ತರಿಸಿ ಗಿಡ್ಡ ಮಾಡಿದರು. 1913ರಲ್ಲಿ ಕರಾರು ಮುಗಿಯಿತು, ಅದೇ ವರ್ಷದ ಮೇ ತಿಂಗಳಲ್ಲಿ ಹೆಂಡತಿ ಯೂಜೆನಿ ತೀರಿಕೊಂಡರು. ಮರುವರ್ಷ ಯುದ್ಧ ಬಂದು ಸಾಲ ವಸೂಲಿಗೆ ಸರ್ಕಾರ ತಡೆ ಹಾಕಿದ್ದರಿಂದ ಜಪ್ತಿ ಮುಂದೆ ಹೋಯಿತು. ಯುದ್ಧದ ನಡುವೆ ಸೈನ್ಯ ನಾನೂರಕ್ಕೂ ಹೆಚ್ಚು ಪ್ರಿಂಟುಗಳನ್ನು ಬೆಳ್ಳಿಗೆ ಮತ್ತು ಸೆಲ್ಯುಲಾಯ್ಡಿಗೆಂದು ಕರಗಿಸಿತು. ಆ ಸೆಲ್ಯುಲಾಯ್ಡ್ ಬೂಟಿನ ಹಿಮ್ಮಡಿಗೆ ಹೋಯಿತು. 1923ರಲ್ಲಿ ಎರಡು ಹೊಡೆತ ಒಟ್ಟಿಗೆ: ಬುಲೆವಾರ್ ಓಸ್ಮಾನ್ ರಸ್ತೆ ವಿಸ್ತರಣೆಗೆ ರೋಬೆರ್ ಉದಾಂ ಥಿಯೇಟರ್ ಕೆಡವಲಾಯಿತು, ಮೊಂತ್ರೊಯ್ ಪಾತೆಯ ಪಾಲಾಯಿತು. ನೆಗೆಟಿವ್‌ಗಳನ್ನಿಡಲು ಜಾಗವಿರಲಿಲ್ಲ. ಮೆಲಿಯೆಸ್ ಅವುಗಳಿಗೆ ಬೆಂಕಿಯಿಟ್ಟರು.

ಉಳಿದದ್ದು ಹೇಗೆ

520ರಲ್ಲಿ ಇಂದು ಸುಮಾರು 200 ಚಿತ್ರಗಳು ನೋಡಸಿಗುತ್ತವೆ. ಪ್ಯಾರಿಸ್ಸಿನ ನೆಗೆಟಿವ್‌ಗಳು ಸುಟ್ಟ ಮೇಲೂ ಇಷ್ಟು ಉಳಿಯಲು ಒಂದು ಕಾರಣ, ಪೂರ್ತಿ ಮಾರಿದ ಪ್ರಿಂಟುಗಳೇ. ಬಾಡಿಗೆಯ ಪ್ರಿಂಟು ಕಂಪನಿಗೆ ಹಿಂದಿರುಗಿ ನಾಶವಾಗುತ್ತದೆ. ಮಾರಿದ್ದು ಯಾರದೋ ಅಟ್ಟದಲ್ಲಿ ಉಳಿಯುತ್ತದೆ. 1929ರ ಡಿಸೆಂಬರ್ 16ರಂದು ಪ್ಯಾರಿಸ್ಸಿನ ಸಾಲ್ ಪ್ಲೆಯೆಲ್‌ನಲ್ಲಿ ಮೆಲಿಯೆಸ್ ಗೌರವಾರ್ಥ ನಡೆದ ಪ್ರದರ್ಶನಕ್ಕೆ ಸಿಕ್ಕಿದ್ದು ಹಾಗೆ ಉಳಿದ ಪ್ರಿಂಟುಗಳೇ. ಅವರು ಆಗ ಮೊಂಪಾರ್ನಾಸ್ ರೈಲು ನಿಲ್ದಾಣದಲ್ಲಿ ಆಟಿಕೆ ಅಂಗಡಿ ನಡೆಸುತ್ತಿದ್ದರು. 1938ರ ಜನವರಿ 21ರಂದು ತೀರಿಕೊಂಡರು.

ಬಣ್ಣದ 'ಚಂದ್ರಯಾತ್ರೆ' ಕಳೆದೇಹೋಯಿತು ಎಂದುಕೊಂಡಿದ್ದಾಗ, 1993ರಲ್ಲಿ ಬಾರ್ಸಿಲೋನಾದ ಚಿತ್ರ ಸಂಗ್ರಹಾಲಯ ಫಿಲ್ಮೊಟೆಕಾ ದ ಕತಲುನ್ಯಾಗೆ ಒಂದು ಪ್ರಿಂಟು ಬಂತು. ಆ ಕಾಲದ ನೈಟ್ರೇಟ್ ಫಿಲ್ಮ್ ಕೊಳೆತಾಗ ಸುರುಳಿಯ ಸುತ್ತುಗಳು ಒಂದಕ್ಕೊಂದು ಅಂಟಿ ಗಟ್ಟಿ ಬಿಲ್ಲೆಯಾಗುತ್ತವೆ. ಇದೂ ಹಾಗೇ ಆಗಿತ್ತು. ಹಳೆಯ ಚಿತ್ರಗಳನ್ನು ಸರಿಪಡಿಸುವ ಪ್ಯಾರಿಸ್ಸಿನ ಸಂಸ್ಥೆ ಲಾಬ್‌ಸ್ಟರ್ ಫಿಲ್ಮ್ಸ್ ಅದನ್ನು ಪಡೆದು ರಾಸಾಯನಿಕ ಆವಿಯಲ್ಲಿ ಮೆದುಗೊಳಿಸುತ್ತ, ಚೌಕ ಚೌಕವಾಗಿ ಬಿಡಿಸುತ್ತ, ಬಿಡಿಸಿದ್ದನ್ನು ಒಡನೆ ಫೋಟೊ ತೆಗೆಯುತ್ತ ಹೋಯಿತು. ಮೆದುಗೊಳಿಸಿದ ಫಿಲ್ಮ್ ಆಮೇಲೆ ಬೇಗ ಹಾಳಾಗುತ್ತದೆ, ಎರಡನೆಯ ಅವಕಾಶ ಸಿಗದು. ಹೀಗೆ ಸಿಕ್ಕ ತುಣುಕುಗಳಿಗೆ ಕಪ್ಪುಬಿಳುಪು ಪ್ರತಿಯಿಂದ ತೇಪೆ ಹಾಕಿ 13,375 ಚೌಕಗಳನ್ನು ಡಿಜಿಟಲ್ ಆಗಿ ಸರಿಪಡಿಸಿ 2011ರ ಮೇ ತಿಂಗಳಲ್ಲಿ ಕಾನ್ ಉತ್ಸವದಲ್ಲಿ ತೋರಿಸಿದರು. ಫಿರಂಗಿ ಹಾರಿಸುವ ದೃಶ್ಯದಲ್ಲಿ ಬೀಸುವ ಧ್ವಜಕ್ಕೆ ಈ ಪ್ರಿಂಟಿನಲ್ಲಿ ಸ್ಪೇನಿನ ಕೆಂಪು ಹಳದಿ ಬಳಿದಿದ್ದಾರೆ. ಗಿರಾಕಿಯ ದೇಶಕ್ಕೆ ತಕ್ಕಂತೆ ಬಣ್ಣ ಹಾಕಿಕೊಟ್ಟ ಪ್ರತಿ ಅದು.

ಇನ್ನೊಂದು ಕಾರಣ ನ್ಯೂಯಾರ್ಕಿಗೆ ಹೋದ ಎರಡನೆಯ ನೆಗೆಟಿವ್‌ಗಳು. ಅವುಗಳಲ್ಲಿ ಒಂದಷ್ಟು ಕೈಯಿಂದ ಕೈಗೆ ದಾಟಿ ಹಾಲಿವುಡ್ ನಿರ್ಮಾಪಕ ಲಿಯಾನ್ ಶ್ಲೆಸಿಂಜರ್ ಬಳಿ ಸೇರಿ, ಅಲ್ಲಿಂದ ಸಂಗ್ರಹಾಲಯಗಳಿಗೆ ಬಂದವು. ಎರಡು ಲೆನ್ಸ್‌ಗಳ ನಡುವಿನ ಅಂತರದಿಂದ ಎರಡು ನೆಗೆಟಿವ್‌ಗಳ ನೋಟ ಒಂದಿಷ್ಟು ಬೇರೆಯಾಗಿರುತ್ತದೆ: ಮುಂದೆ ನಿಂತ ನಟನ ಭುಜ ಹಿಂದಿನ ಪರದೆಯ ಯಾವ ಗೆರೆಗೆ ತಾಗುತ್ತದೆ ಎಂದು ಎರಡು ಪ್ರಿಂಟುಗಳಲ್ಲಿ ಹೋಲಿಸಿದರೆ ಯಾವುದು ಪ್ಯಾರಿಸ್ಸಿನ ಸಂತತಿ, ಯಾವುದು ನ್ಯೂಯಾರ್ಕಿನದು ಎಂದು ಬೇರ್ಪಡಿಸಬಹುದು. 1903ರ 'ನರಕದ ಕಡಾಯಿ'ಗೆ ಎರಡೂ ಕಡೆಯ ಪ್ರತಿಗಳು ಸಿಕ್ಕಿವೆ. ಒಂದನ್ನು ಎಡಗಣ್ಣಿಗೆ, ಒಂದನ್ನು ಬಲಗಣ್ಣಿಗೆ ಕೊಟ್ಟು 2010ರಲ್ಲಿ ಅದನ್ನು ತ್ರೀಡಿಯಲ್ಲಿ ತೋರಿಸಲಾಯಿತು. ಎರಡೂ ಫಿಲ್ಮ್ ಒಂದೇ ಹಿಡಿಕೆಯಿಂದ ತಿರುಗಿದ್ದರಿಂದ ಚಲನೆ ಚೌಕಕ್ಕೆ ಚೌಕ ಹೊಂದುತ್ತದೆ.